ಮೆಷಿನ್ ಮುಂದೆ ನಿಂತವರು

'ಜೆರ್ರಿ ಅಂಡ್ ಮಾರ್ಜ್ ಗೋ ಲಾರ್ಜ್' (2022) ನೋಡಿದವರೆಲ್ಲ 'ಫೀಲ್ ಗುಡ್ ಸಿನಿಮಾ' ಅಂತಾರೆ. ಹೌದು, ನಾನೂ ನಕ್ಕೆ. ಆದ್ರೆ ನಿರ್ದೇಶಕ ಡೇವಿಡ್ ಫ್ರಾಂಕೆಲ್ ಕಥೆಯ ಗಟ್ಟಿ ಕಾಳನ್ನು ಬಿಟ್ಟು ಹೊಟ್ಟು ಬಡಿಸಿದ್ದಾರೆ ಅನ್ನೋದು ನನ್ನ ತಕರಾರು.

ಕಥೆ ನಿಜದ್ದೇ. ಅಮೆರಿಕದ ಮಿಷಿಗನ್ ರಾಜ್ಯದ ಎವಾರ್ಟ್ ಎಂಬ ಪುಟ್ಟ ಊರಲ್ಲಿ ಅಂಗಡಿ ನಡೆಸಿ ನಿವೃತ್ತರಾಗಿದ್ದ ಜೆರ್ರಿ ಸೆಲ್ಬಿ, 2003ರಲ್ಲಿ 'ವಿನ್‌ಫಾಲ್' ಎಂಬ ಸರ್ಕಾರಿ ಲಾಟರಿಯ ನಿಯಮ ಓದಿದರು. ಜಾಕ್‌ಪಾಟ್ 50 ಲಕ್ಷ ಡಾಲರ್ ಮುಟ್ಟಿಯೂ ಯಾರಿಗೂ ಆರು ಅಂಕಿ ಕೂಡದಿದ್ದರೆ, ಆ ದುಡ್ಡು ಕೆಳಗಿನ ಬಹುಮಾನಗಳಿಗೆ ಹಂಚಿಹೋಗುತ್ತಿತ್ತು. ಗಿರಾಕಿಗಳನ್ನು ಸೆಳೆಯೋ ಆಮಿಷ ಅದು. ಅಂಥ ದಿನ ತಲಾ ಒಂದು ಡಾಲರಿನ 1,100 ಟಿಕೆಟ್ ಕೊಂಡರೆ ಸರಾಸರಿ 1,900 ಡಾಲರ್ ವಾಪಸ್! ಪಿಯುಸಿ ಗಣಿತ ಸಾಕು.

ಕಷ್ಟ ಇದ್ದದ್ದು ಆಮೇಲೆ. ಮೊದಲ ಸಲ 2,200 ಡಾಲರ್ ಹಾಕಿ 50 ಕಳ್ಕೊಂಡರು. ನಾವಾಗಿದ್ರೆ ಅಲ್ಲಿಗೇ ಕೈಮುಗೀತಿದ್ವಿ. ಅವರು 'ಟಿಕೆಟ್ ಸಾಲಲಿಲ್ಲ' ಅಂತ ಲೆಕ್ಕ ಹಾಕಿ, ಮುಂದಿನ ಸಲ 3,400 ಹಾಕಿ 6,300 ಗೆದ್ದರು. 2005ರಲ್ಲಿ ಮಿಷಿಗನ್‌ನ ಆಟ ನಿಂತಾಗ, ಗಂಡ ಹೆಂಡತಿ ಸಾವಿರ ಕಿಲೋಮೀಟರಿಗೂ ಹೆಚ್ಚು ಕಾರು ಓಡಿಸಿ, ಇಂಥದೇ ಆಟವಿದ್ದ ಮ್ಯಾಸಚೂಸೆಟ್ಸ್‌ಗೆ ಹೋಗತೊಡಗಿದರು. ಅಂಗಡಿಯ ಮೆಷಿನ್ ಮುಂದೆ ದಿನಗಟ್ಟಲೆ ನಿಂತು ಟಿಕೆಟ್ ತೆಗೆಯೋದು, ಆಮೇಲೆ ಮೋಟೆಲ್ ರೂಮಲ್ಲಿ ಹತ್ತು ಹತ್ತು ಗಂಟೆ ಕೂತು ಒಂದೊಂದನ್ನೂ ಕಣ್ಣಲ್ಲೇ ನೋಡಿ ಬೇರ್ಪಡಿಸೋದು. ನಮ್ಮೂರಲ್ಲಿ ಕೂಲಿಗೆ ಕಡಲೆಕಾಯಿ ಬಿಡಿಸೋದೇ ಇದಕ್ಕಿಂತ ವಾಸಿ.

ಸಿನಿಮಾದಲ್ಲಿ ಇದೆಲ್ಲ ತಮಾಷೆಯ ತುಣುಕುಗಳಾಗಿ ಸರಿದುಹೋಗುತ್ತೆ. ಆಟ ರೂಪಿಸಿದವರ ತಲೆಯಲ್ಲಿ ಗಿರಾಕಿ ಅಂದ್ರೆ ಐದೋ ಹತ್ತೋ ಟಿಕೆಟ್ ಕೊಳ್ಳೋನು ಅಂತಲೇ ಇದ್ದಂತಿದೆ. ಲಕ್ಷ ಟಿಕೆಟ್ ತೆಗೆಯುವಷ್ಟು ತಾಳ್ಮೆ ಯಾರಿಗಿದ್ದೀತು? ಆಫರ್‌ಗಳಿಗೆ ಕೋಡ್ ಬರೆಯೋ ನಮ್ಮಂಥವರು ಕೂತು ನೋಡಬೇಕಾದ ಜಾಗ ಇದು. ಫ್ರಾಂಕೆಲ್ ಇಲ್ಲಿ ನಿಲ್ಲೋದೇ ಇಲ್ಲ. ಬದಲಿಗೆ ಹಾರ್ವರ್ಡ್ ಹುಡುಗರನ್ನು ವಿಲನ್ ಮಾಡ್ತಾರೆ. ನಿಜದಲ್ಲಿ ಜೆರ್ರಿಗೆ ಪೈಪೋಟಿ ಕೊಟ್ಟಿದ್ದು ಎಂಐಟಿ ವಿದ್ಯಾರ್ಥಿಗಳು, ಅವರು ಆಡಿದ್ದೂ ಅದೇ ಲೆಕ್ಕದ ಆಟ.

ಇನ್ನೊಂದು ಮಾತು. ಒಂಬತ್ತು ವರ್ಷಗಳಲ್ಲಿ ಸೆಲ್ಬಿ ಬಳಗಕ್ಕೆ ತೆರಿಗೆಗೆ ಮುಂಚೆ 77 ಲಕ್ಷ ಡಾಲರಿಗೂ ಹೆಚ್ಚು ಲಾಭ ಬಂತು. ಮ್ಯಾಸಚೂಸೆಟ್ಸ್ ಲಾಟರಿಯೂ ಕಳಕೊಳ್ಳಲಿಲ್ಲ. ಪ್ರತಿ ಟಿಕೆಟ್‌ನಲ್ಲೂ ತನ್ನ ಪಾಲು ಮುರಿದುಕೊಂಡು ಸುಮಾರು 12 ಕೋಟಿ ಡಾಲರ್ ಮಾಡ್ಕೊಂತು. ಅದಕ್ಕೆ ಹೋಗಿದ್ದು ಮರ್ಯಾದೆ: 2011ರಲ್ಲಿ 'ಬಾಸ್ಟನ್ ಗ್ಲೋಬ್' ಬಯಲು ಮಾಡಿತು, 2012ರಲ್ಲಿ ಆಟ ಮುಚ್ಚಿತು. ಹಾಗಾದ್ರೆ ದುಡ್ಡು ಯಾರದ್ದು? ಹಂಚಿಕೆ ಇಲ್ಲದ ಮಾಮೂಲಿ ದಿನಗಳಲ್ಲಿ, ಅದೃಷ್ಟ ನಂಬಿ ಎರಡು ಡಾಲರ್ ಕೊಟ್ಟವರದ್ದು. ಊರು ಉದ್ಧಾರವಾಗೋ ಸಂಭ್ರಮದಲ್ಲಿ ಸಿನಿಮಾ ಅವರತ್ತ ತಿರುಗಿಯೂ ನೋಡೋದಿಲ್ಲ.

ನೋಡಬೇಡಿ ಅಂತಲ್ಲ. ಬ್ರಯಾನ್ ಕ್ರಾನ್‌ಸ್ಟನ್, ಆನೆಟ್ ಬೆನಿಂಗ್ ಜೋಡಿ ಚೆನ್ನಾಗಿದೆ. ನೋಡಿದ ಮೇಲೆ ಜೇಸನ್ ಫಗೋನ್ 2018ರಲ್ಲಿ ಬರೆದ ಮೂಲ ಲೇಖನವನ್ನೂ ಓದಿ. ಅದರಲ್ಲಿ ಟಿಕೆಟ್ ಎಣಿಸೋ ಕೈಗಳು ಕಾಣುತ್ತವೆ.