ಫ್ರಾಂಟಿನಸನ ಜಲಲೆಕ್ಕ: ಒಂದು ವಿಮರ್ಶೆ

ಕ್ರಿ. ಶ. 97ರಲ್ಲಿ ನರ್ವ ಚಕ್ರವರ್ತಿಯು ಸೆಕ್ಸ್‌ಟಸ್ ಜೂಲಿಯಸ್ ಫ್ರಾಂಟಿನಸನನ್ನು ರೋಮ್ ನಗರದ ಜಲಾಧ್ಯಕ್ಷನನ್ನಾಗಿ ನಿಯಮಿಸಿದನು. ಆ ಅಧಿಕಾರದ ಫಲವಾಗಿ ಹುಟ್ಟಿದ ಅವನ ಲ್ಯಾಟಿನ್ ಗ್ರಂಥವನ್ನು ಮೇಲ್ಗಾಲುವೆಗಳ ವರ್ಣನೆಗಾಗಿ ಓದುವ ರೂಢಿಯುಂಟು. ಅದರ ನಿಜವಾದ ಬೆಲೆ ಬೇರೆಡೆಯಲ್ಲಿದೆಯೆಂಬುದು ನಮ್ಮ ಮತ. ಚದುರಿದ್ದ ದಾಖಲೆಗಳನ್ನು ಒಂದೆಡೆ ತಂದು, ಒಂದರಿಂದ ಇನ್ನೊಂದನ್ನು ಪರೀಕ್ಷಿಸಿ, ಆಡಳಿತವನ್ನು ತಿದ್ದಲು ಯತ್ನಿಸಿದ ಬರಹವಿದು.

ಅವನು ಬಳಸಿದ ಸಾಮಗ್ರಿ ನಾಲ್ಕು ಬಗೆಯದು: ಸೆನೆಟ್ಟಿನ ನಿರ್ಣಯಗಳು, ಚಕ್ರವರ್ತಿಯ ಕಚೇರಿಯ ಲೆಕ್ಕದ ಪುಸ್ತಕಗಳು, ತಾನೇ ಬರೆಯಿಸಿದ ಕಾಲುವೆಗಳ ನಕ್ಷೆಗಳು, ಸ್ಥಳದಲ್ಲಿಯೇ ಮಾಡಿದ ಅಳತೆಗಳು. ಪುಸ್ತಕಗಳ ಪ್ರಕಾರ ನಗರಕ್ಕೆ ಬರುತ್ತಿದ್ದ ನೀರು 12,755 ಕ್ವಿನೇರಿಯ, ವಿತರಣೆಯಾಗುತ್ತಿದ್ದುದು 14,018. ಬಂದುದಕ್ಕಿಂತ 1,263 ಹೆಚ್ಚಾಗಿ ಹಂಚುವುದೆಂತು? ಈ ವಿರೋಧವೇ ಅವನನ್ನು ನೀರಿನ ಮೂಲಸ್ಥಾನಗಳಿಗೆ ಕೊಂಡೊಯ್ದಿತು. ಅಲ್ಲಿ ಅಳೆದಾಗ, ಪುಸ್ತಕದಲ್ಲಿದ್ದುದಕ್ಕಿಂತ ಸುಮಾರು 10,000 ಕ್ವಿನೇರಿಯ ಅಧಿಕವಾಗಿ ಕಂಡುಬಂದಿತು. ಹಾಗಾದರೆ ಉಳಿದ ನೀರೆಲ್ಲಿ ಹೋಯಿತು? ನೀರುಗಂಟಿಗಳು ತಾವು ನೀರು ಪಡೆಯುವ ನಳಿಕೆಗಳನ್ನು ಹಿಗ್ಗಿಸಿ, ಜನರಿಗೆ ಕೊಡುವ ನಳಿಕೆಗಳನ್ನು ಕುಗ್ಗಿಸಿದ್ದರೆಂದು ಗ್ರಂಥಕರ್ತನು ಆರೋಪಿಸುತ್ತಾನೆ.

ಈ ವಿಧಾನವು ಸ್ತುತ್ಯವಾದುದು. ಆದರೆ ತೀರ್ಮಾನವನ್ನು ಇಡಿಯಾಗಿ ಒಪ್ಪಲಾಗದು. ಕ್ವಿನೇರಿಯವು ನಳಿಕೆಯ ಬಾಯಿಯ ವಿಸ್ತೀರ್ಣವನ್ನು ಹೇಳುವ ಮಾನ. ನೀರಿನ ವೇಗವು ಅದರಲ್ಲಿ ಸೇರಿಲ್ಲ. ವೇಗ ಹೆಚ್ಚಿದಲ್ಲಿ ನೀರೂ ಹೆಚ್ಚುವುದೆಂದು ಫ್ರಾಂಟಿನಸನು ಬಲ್ಲನು. ವೇಗವನ್ನು ಅಳೆಯುವ ಉಪಾಯ ಅವನಲ್ಲಿರಲಿಲ್ಲ. ಆದುದರಿಂದ ಮೂಲದಲ್ಲಿನ ಒಂದು ಕ್ವಿನೇರಿಯವೂ ನಗರದ ನಳಿಕೆಯಲ್ಲಿನ ಒಂದು ಕ್ವಿನೇರಿಯವೂ ಹೆಸರಿನಲ್ಲಿ ಒಂದೇ ಹೊರತು ಪರಿಮಾಣದಲ್ಲಿ ಒಂದೇ ಆಗಬೇಕಾಗಿಲ್ಲ. ವ್ಯತ್ಯಾಸದಲ್ಲಿ ಕಳವಿನ ಪಾಲೆಷ್ಟು, ಸೋರಿಕೆಯ ಪಾಲೆಷ್ಟು, ಮಾನದ ದೋಷವೆಷ್ಟು ಎಂಬುದನ್ನು ಅವನ ಅಂಕಿಗಳು ಬೇರ್ಪಡಿಸಲಾರವು. ಆರೋಪಕ್ಕೆ ಗುರಿಯಾದ ನೀರುಗಂಟಿಗಳ ಉತ್ತರವೂ ಗ್ರಂಥದಲ್ಲಿ ಕೇಳಿಸುವುದಿಲ್ಲ. ಕಾಲುವೆಗಳ ಕೆಲಸಕ್ಕಿದ್ದ ದಾಸರು 700 ಮಂದಿ. ಅವರ ವಿಷಯದಲ್ಲಿ ಮಾತನಾಡುವವನು ಅವರ ಮೇಲಧಿಕಾರಿಯೊಬ್ಬನೇ.

ಇಂದಿನ ನಗರಗಳ ಜಲಮಂಡಲಿಗಳೂ ಪೂರೈಕೆಯ ಮೀಟರನ್ನು ಮನೆಗಳ ಮೀಟರಿನೊಡನೆ ಹೋಲಿಸಿಯೇ ಲೆಕ್ಕಕ್ಕೆ ಸಿಗದ ನೀರನ್ನು ಗುರುತಿಸುತ್ತವೆ. ದಾಖಲೆಗಳನ್ನು ಕೂಡಿಸಿದ ಮಾತ್ರಕ್ಕೆ ಸತ್ಯವು ದೊರೆಯದು. ಕೂಡಿಸುವ ಮೊದಲು ಅವುಗಳ ಮಾನ ಒಂದೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಚರಿತ್ರೆಯ ವಿದ್ಯಾರ್ಥಿಯೂ ತನ್ನ ಆಕರಗಳನ್ನು ಜೋಡಿಸುವಾಗ ಈ ಎಚ್ಚರವನ್ನು ತಪ್ಪಬಾರದು.