ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್-ನಾಗೇಂದ್ರ

ನಮ್ಮಲ್ಲಿ ಹಾಡು ಅಂದ್ರೆ ಅದು ಹೀರೋಗೆ ಸೇರಿದ್ದು. ‘ಅಣ್ಣಾವ್ರ ಹಾಡು ಹಾಕಿ’, ‘ವಿಷ್ಣು ಹಾಡೊಂದು ಬರಲಿ’, ‘ಶಂಕರ್‌ನಾಗ್ ಹಾಡು ಅಂದ್ರೆ ಅದೇ ಬಿಡ್ರೀ’. ಹೊಸಹಳ್ಳಿ ಮೆಟ್ರೋ ಸ್ಟೇಷನ್ ಕೆಳಗೆ ಆಟೋದವರ ಜೊತೆ ಹತ್ತು ನಿಮಿಷ ನಿಂತರೆ ಈ ಮೂರು ಮಾತೂ ಕಿವಿಗೆ ಬೀಳುತ್ತೆ. ‘ಆಟೋ ರಾಜ’ (1980) ಹಾಡುಗಳು ಅವರ ಪಾಲಿಗೆ ಶಂಕರ್‌ನಾಗ್ ಅವರ ಸ್ವಂತ ಆಸ್ತಿ. ರಾಜನ್-ನಾಗೇಂದ್ರ ಅಂದ್ರೆ ‘ಯಾರು ಸಾರ್ ಅವ್ರು, ಪ್ರೊಡ್ಯೂಸರ್ರಾ?’ ಅಂತ ಕೇಳಿದವರನ್ನೂ ನಾನು ನೋಡಿದ್ದೀನಿ.

ಅವರನ್ನು ಬೈದು ಪ್ರಯೋಜನ ಇಲ್ಲ. ನಮ್ಮ ನಿಮ್ಮ ಫೋನಿನಲ್ಲಿರೋ ಆ್ಯಪ್ ಇನ್ನೂ ವಾಸಿಯೇನಲ್ಲ. ಅದಕ್ಕೆ ಹಾಡು ಗಾಯಕರದ್ದು. ‘ಆರ್ಟಿಸ್ಟ್’ ಅಂತ ಒಂದೇ ಖಾನೆ, ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ರೀಲ್ಸ್‌ಗೆ ಬಂದರೆ ಹಾಡು ಅಪ್‌ಲೋಡ್ ಮಾಡಿದವನದ್ದು: ‘ಒರಿಜಿನಲ್ ಆಡಿಯೋ’, ಪಕ್ಕದಲ್ಲಿ ಯಾವುದೋ ಹುಡುಗನ ಹೆಸರು.

ಹಾಡನ್ನು ಮಾಡಿದವರ ಹೆಸರು ಕೇಳದೇನೇ ಸಿಗೋ ಜಾಗ ಈಗಲೂ ಆಕಾಶವಾಣಿ, ಅದರಲ್ಲೂ 102.9ರ ವಿವಿಧ ಭಾರತಿ. ಹಾಡಿಗೆ ಮುಂಚೆ ಅಥವಾ ಆಮೇಲೆ ಉದ್ಘೋಷಕಿ ಸುಮ್ಮನೆ ಓದಿಬಿಡ್ತಾರೆ: ಚಿತ್ರ, ಸಾಹಿತ್ಯ, ಸಂಗೀತ, ಗಾಯನ. ದನಿಯಲ್ಲಿ ಏರಿಳಿತ ಇರೋಲ್ಲ, ರೇಷನ್ ಕಾರ್ಡಿನಲ್ಲಿರೋ ಹೆಸರು ಓದಿದ ಹಾಗೆ. ಹತ್ತು ಸೆಕೆಂಡು. ಕನ್ನಡ ಚಿತ್ರಗೀತೆಯ ಬಗ್ಗೆ ನನಗೆ ಗೊತ್ತಿರೋದರಲ್ಲಿ ಮುಕ್ಕಾಲು ಪಾಲು ಆ ಹತ್ತು ಸೆಕೆಂಡುಗಳಲ್ಲಿ ಕಲಿತಿದ್ದು.

ಒಂದು ಉದಾಹರಣೆ ಕೊಡ್ತೀನಿ. ‘ನಾಗರಹಾವು’ (1972) ಚಿತ್ರದಲ್ಲಿ ಎಸ್‌ಪಿಬಿ ಹಾಡಿರೋ ಹಾವಿನ ದ್ವೇಷದ ಹಾಡು ಎಲ್ಲರಿಗೂ ಗೊತ್ತು. ಕುದಿಯೋ ಹಾಡು, ರಾಮಾಚಾರಿಯ ಸಿಟ್ಟೆಲ್ಲ ಅದರಲ್ಲಿದೆ. ‘ಗೆಜ್ಜೆ ಪೂಜೆ’ (1969) ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿರೋ ‘ಪಂಚಮವೇದ’ ಇದೆಯಲ್ಲ, ಅದು ಪಕ್ಕದಲ್ಲಿ ಮಗು ಮಲಗಿದ್ದರೂ ಎಚ್ಚರ ಆಗದಂಥ ಹಾಡು. ಈ ಎರಡನ್ನೂ ಒಬ್ಬನೇ ಮನುಷ್ಯ ಬರೆದಿರಬಹುದು ಅಂತ ಸುಮ್ಮನೆ ಕೇಳಿದರೆ ಹೊಳೆಯೋಲ್ಲ. ರೇಡಿಯೋ ಎರಡು ಸಲವೂ ‘ಸಾಹಿತ್ಯ ವಿಜಯನಾರಸಿಂಹ, ಸಂಗೀತ ವಿಜಯಭಾಸ್ಕರ್’ ಅಂದಾಗ ತಲೆಯಲ್ಲಿ ಒಂದು ಗಂಟು ಬೀಳುತ್ತೆ. ಆಮೇಲೆ ಗಮನಿಸೋಕೆ ಶುರು ಮಾಡ್ತೀವಿ. ವಿಜಯನಾರಸಿಂಹ ಸಂಸ್ಕೃತದ ಪದಗಳನ್ನು ಅರ್ಥಕ್ಕೆ ಎಷ್ಟೋ ಅಷ್ಟೇ ಸದ್ದಿಗೂ ಆರಿಸ್ತಾರೆ. ಒತ್ತಕ್ಷರ ಎಲ್ಲಿ ಬೀಳಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತು. ಸಿಟ್ಟಿನ ಹಾಡಿನಲ್ಲಿ ಒತ್ತು ಏಟು ಬಿದ್ದ ಹಾಗೆ ಬೀಳುತ್ತೆ, ಪ್ರೀತಿಯ ಹಾಡಿನಲ್ಲಿ ಅನುಸ್ವಾರಗಳು ಗುಂಯ್‌ಗುಡುತ್ತವೆ. ಚಿ. ಉದಯಶಂಕರ್ ಇದಕ್ಕೆ ಪೂರ್ತಿ ಬೇರೆ. ಅವರು ಸಂಭಾಷಣೆ ಬರೆಯುತ್ತಿದ್ದವರು, ಹಾಡೂ ಮಾತಾಡಿದ ಹಾಗೇ ಇರುತ್ತೆ. ಎದುರಿಗೆ ಒಬ್ಬರು ನಿಂತಿದ್ದಾರೆ ಅನ್ನೋ ಹಾಗೆ ಬರೀತಾರೆ. ನನ್ನ ಲೆಕ್ಕದಲ್ಲಿ ಉದಯಶಂಕರ್ ದೊಡ್ಡವರು, ಆದರೆ ವಿಜಯನಾರಸಿಂಹರಿಗೆ ನಾವು ಮಾಡಿರೋ ಅನ್ಯಾಯ ಅದಕ್ಕಿಂತ ದೊಡ್ಡದು. ಹಾಡುಗಳೆಲ್ಲ ನಾಲಿಗೆ ತುದಿಯಲ್ಲಿವೆ, ಹೆಸರು ಮಾತ್ರ ಇಲ್ಲ.

‘ಬೆಳ್ಳಿ ಮೋಡ’ (1967) ಚಿತ್ರದ ಬೆಳಗಿನ ಹಾಡು ಬಂದಾಗ ‘ಸಾಹಿತ್ಯ ದ.ರಾ. ಬೇಂದ್ರೆ’ ಅಂತ ಕೇಳಿಸುತ್ತೆ ನೋಡಿ, ಅದು ಇನ್ನೊಂದು ಥರ. ಪಠ್ಯಪುಸ್ತಕದಲ್ಲಿ ಅರ್ಥ ಬಿಡಿಸಿ ಬರೆಯೋಕೆ ಹೇಳಿದ್ದ ಕವಿಯೇ ಇಲ್ಲೂ ಇದ್ದಾರೆ ಅಂತ ಯಾರೂ ಪಾಠ ಮಾಡದೆ ಗೊತ್ತಾಗಿಬಿಡುತ್ತೆ. ಕೆ.ಎಸ್. ನರಸಿಂಹಸ್ವಾಮಿಯವರಿಗೆ ‘ಮೈಸೂರು ಮಲ್ಲಿಗೆ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು ಅನ್ನೋದು ನಿಮ್ಮ ಆಫೀಸಿನಲ್ಲಿ ಎಷ್ಟು ಜನಕ್ಕೆ ಗೊತ್ತು, ಒಂದು ಸಲ ಕೇಳಿ ನೋಡಿ.

ಹೆಸರು ಗೊತ್ತಾದರೆ ಕಿವಿಯೂ ಬದಲಾಗುತ್ತೆ. 1974ರಲ್ಲಿ ಎರಡು ಸಿನಿಮಾ. ‘ಎರಡು ಕನಸು’, ಅದರಲ್ಲಿ ರಾಜ್‌ಕುಮಾರ್‌ಗೆ ದನಿ ಪಿ.ಬಿ. ಶ್ರೀನಿವಾಸ್. ‘ಸಂಪತ್ತಿಗೆ ಸವಾಲ್’, ಅದರಲ್ಲಿ ಎಮ್ಮೆಯ ಮೇಲೆ ಕೂತು ಅಣ್ಣಾವ್ರೇ ಹಾಡಿದ್ರು, ಜಿ.ಕೆ. ವೆಂಕಟೇಶ್ ಸಂಗೀತ. ಮುಖ ಒಂದೇ, ವರ್ಷ ಒಂದೇ, ಗಂಟಲು ಎರಡು. ‘ಅಣ್ಣಾವ್ರ ಹಾಡು’ ಅಂತ ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಇದು ಕೇಳಿಸೋದೇ ಇಲ್ಲ. ಪಿಬಿಎಸ್ ಮೈಕಿಗೆ ಹತ್ತಿರ ನಿಂತು ಪಿಸುಗುಟ್ಟೋ ಹಾಗೆ ಹಾಡ್ತಾರೆ, ಸಾಲಿನ ಕೊನೆಯ ಅಕ್ಷರವನ್ನು ನೆಲಕ್ಕೆ ಬೀಳಿಸೋದೇ ಇಲ್ಲ, ಮೆಲ್ಲಗೆ ಇಡ್ತಾರೆ. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದ ನಾಟಕದ ಗಂಟಲು, ಹಿಂದಿನ ಸಾಲಿನವನಿಗೂ ‘ಳ’ ಮತ್ತು ‘ಲ’ ಬೇರೆ ಬೇರೆಯಾಗಿ ತಲುಪಬೇಕು. ಪ್ರೇಮದ ಹಾಡಿಗೆ ನನಗೆ ಇವತ್ತಿಗೂ ಪಿಬಿಎಸ್ಸೇ ಬೇಕು. ಭಕ್ತಿ, ವೇದಾಂತ, ಸವಾಲು ಅಂದ್ರೆ ಅಣ್ಣಾವ್ರು. ಮಾಗಡಿ ರೋಡಿನ ಪ್ರಸನ್ನ, ವೀರೇಶ್ ಕಡೆಯ ಅಭಿಮಾನಿಗಳು ಈ ಮಾತಿಗೆ ಹೊಡೆಯೋಕೆ ಬರಬಹುದು, ಬರಲಿ.

ಹೆಸರು ಹೇಳೋದು ಬಿಡೋದು ಸಣ್ಣ ವಿಷಯ ಅಂತ ಅನ್ನಿಸಿದರೆ ಸ್ವಲ್ಪ ಹಿಂದಕ್ಕೆ ಹೋಗೋಣ. 1949ರ ‘ಮಹಲ್’ ಚಿತ್ರದ ರೆಕಾರ್ಡಿನ ಮೇಲೆ ಗಾಯಕಿ ಅಂತ ಇದ್ದಿದ್ದು ‘ಕಾಮಿನಿ’ ಅನ್ನೋ ಪಾತ್ರದ ಹೆಸರು. ಕೇಳುಗರು ‘ಹಾಡಿದ್ದು ಯಾರು’ ಅಂತ ರೇಡಿಯೋಗೆ ಕಾಗದ ಬರೆದೂ ಬರೆದೂ ಕೊನೆಗೆ ಲತಾ ಮಂಗೇಶ್ಕರ್ ಅನ್ನೋ ಹೆಸರು ಹೊರಗೆ ಬಂತು. ಆಮೇಲೆ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಅವರಿಗೆ ಸಿನಿಮಾ ಹಾಡು ಅಂದ್ರೆ ಆಗ್ತಿರಲಿಲ್ಲ. ಚಿತ್ರದ ಹೆಸರು ಹೇಳಿದರೆ ಅದು ಪುಕ್ಕಟೆ ಜಾಹೀರಾತು ಅಂತ ಆಕಾಶವಾಣಿ ಹೆಸರು ಹೇಳೋದನ್ನೇ ಬಿಟ್ಟಿತು. ನಿರ್ಮಾಪಕರು ಸಿಟ್ಟಾಗಿ ಹಾಡು ಕೊಡೋದನ್ನೇ ನಿಲ್ಲಿಸಿದರು. ಕೇಳುಗರು ಮುಳ್ಳು ತಿರುಗಿಸಿ ಸಿಲೋನಿಗೆ ಹೋದರು, ಅಲ್ಲಿ ಅಮೀನ್ ಸಯಾನಿ ಕಾಯುತ್ತಿದ್ದರು. ಅವರನ್ನೆಲ್ಲ ವಾಪಸ್ ಕರೆಯೋಕೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯ್ತು. ಅಂದ್ರೆ ನಾವು ಇವತ್ತು ಕೇಳೋ ಆ ನೀರಸ ಹತ್ತು ಸೆಕೆಂಡುಗಳ ಹಿಂದೆ ಒಂದು ಜಗಳವೇ ಇದೆ.

ಕ್ಯಾಸೆಟ್ ಕಾಲದಲ್ಲಿ ಈ ಕೆಲಸವನ್ನು ಇನ್‌ಲೇ ಕಾರ್ಡ್ ಮಾಡ್ತಿತ್ತು. ‘ಪ್ರೇಮಲೋಕ’ (1987) ಮನೆಮನೆಗೆ ಹೋಗಿದ್ದು ಲಹರಿ ಕ್ಯಾಸೆಟ್‌ನಿಂದ. ಆ ಕಾರ್ಡಿನಲ್ಲಿ ಸಾಹಿತ್ಯಕ್ಕೂ ಸಂಗೀತಕ್ಕೂ ಹಂಸಲೇಖ ಅಂತ ಒಂದೇ ಹೆಸರು. ರೇಡಿಯೋದವರಿಗೂ ಒಂದು ಹೆಸರು ಉಳಿತಾಯ! ಕಾಲೇಜು ಹುಡುಗರ ಮಾತನ್ನು ಹಾಗೇ ತಂದು ಟ್ಯೂನಿಗೆ ಕೂರಿಸಬೇಕಾದರೆ ಬರೆಯೋನು, ಕೂರಿಸೋನು ಒಬ್ಬನೇ ಆಗಿದ್ದರೆ ಸಲೀಸು ಅಂತ ಆ ಕ್ಯಾಸೆಟ್ ಕೇಳಿದಾಗೆಲ್ಲ ಅನ್ನಿಸುತ್ತೆ.

ಖಾಸಗಿ ಎಫ್‌ಎಂ ಬಗ್ಗೆ ನನಗೆ ಎರಡು ಮನಸ್ಸು. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, 2001ರ ಜುಲೈ 3ರಂದು, ರೇಡಿಯೋ ಸಿಟಿ. ಮೊದಮೊದಲು ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಜೋರು. 2006ರಲ್ಲಿ ಇನ್ನಷ್ಟು ಸ್ಟೇಷನ್‌ಗಳು ಬಂದವು, ಕನ್ನಡ ಹಾಡು ಹಾಕಿದರೂ ವ್ಯಾಪಾರ ಆಗುತ್ತೆ ಅಂತ ಗೊತ್ತಾಯ್ತು, ಅದೇ ವರ್ಷದ ಕೊನೆಗೆ ‘ಮುಂಗಾರು ಮಳೆ’ ಬಂತು. ಮನೋಮೂರ್ತಿ ಸಂಗೀತ, ಜಯಂತ್ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಹಾಡು ಪಿಜಿ ಹುಡುಗರ ಕಿವಿಯಲ್ಲೂ, ಕ್ಯಾಬ್‌ಗಳಲ್ಲೂ, ದರ್ಶಿನಿಗಳಲ್ಲೂ ಒಟ್ಟಿಗೇ ಓಡಿತು. ಕನ್ನಡ ಹಾಡು ಕೇಳೋದು ನಾಚಿಕೆಯ ವಿಷಯ ಅನ್ನೋ ರೋಗ ವಾಸಿಯಾಗಿದ್ದರಲ್ಲಿ ಆ ಸ್ಟೇಷನ್‌ಗಳ ಪಾಲು ದೊಡ್ಡದು. ಕಾಯ್ಕಿಣಿಯವರ ಹೆಸರಂತೂ ಹೀರೋ ಹೆಸರಿನಷ್ಟೇ ಓಡಿತು. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಹೇಳಲೇಬೇಕು: ಹಾಡಿನ ಮೊದಲ ಮೂವತ್ತು ಸೆಕೆಂಡಿನ ವಾದ್ಯದ ಮೇಲೆ ಆರ್‌ಜೆ ಮಾತಾಡ್ತಾರಲ್ಲ, ಅದು ಅಪರಾಧ. ಆ ಮೂವತ್ತು ಸೆಕೆಂಡಿನಲ್ಲಿ ಸಂಗೀತ ನಿರ್ದೇಶಕನ ಸಹಿ ಇರುತ್ತೆ. ಸಹಿಯ ಮೇಲೆ ಟ್ರಾಫಿಕ್ ಅಪ್‌ಡೇಟ್ ಗೀಚಿ, ಕೊನೆಗೆ ಅವನ ಹೆಸರೂ ಹೇಳದೆ ಜಾಹೀರಾತಿಗೆ ಹೋಗ್ತಾರೆ.

ಹೆಸರು ಕಳಚಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಇಳಯರಾಜಾ ಅವರ ಎರಡು ಕನ್ನಡ ಟ್ಯೂನ್ ಸಾಕು. ‘ಪಲ್ಲವಿ ಅನುಪಲ್ಲವಿ’ (1983) ಮಣಿರತ್ನಂ ಅವರ ಮೊದಲ ಸಿನಿಮಾ, ಕನ್ನಡದ್ದು. ಅದರ ಥೀಮ್ ಮ್ಯೂಸಿಕ್ ಮುಂದೆ ಐಡಿಯಾ ಮೊಬೈಲ್ ಜಾಹೀರಾತಿಗೆ ಹೋಯ್ತು. ಇಡೀ ದೇಶ ಅದನ್ನು ‘ಐಡಿಯಾ ಟ್ಯೂನ್’ ಅಂತಾನೇ ಗುನುಗಿತು. ‘ಗೀತಾ’ (1981) ಚಿತ್ರದಲ್ಲಿ ಎಸ್‌ಪಿಬಿ, ಎಸ್. ಜಾನಕಿ ಹಾಡಿರೋ ಜೋಡಿ ಹಾಡು 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ ಹೋಯ್ತು. ಅಲ್ಲಿಂದ ವಾಪಸ್ ಬರುವಾಗ ‘ಅರೆ, ಇದು ಹಿಂದಿ ಹಾಡಿನ ಕಾಪಿ ಅಲ್ವಾ?’ ಅಂತ ನನ್ನ ಸಹೋದ್ಯೋಗಿಯೊಬ್ಬ ನನಗೇ ಹೇಳಿದ. ‘ಗೀತಾ’ಗೆ ಹಾಡು ಬರೆದಿದ್ದು ಚಿ. ಉದಯಶಂಕರ್. ಟ್ಯೂನು ಎಲ್ಲಿಗೆ ಬೇಕಾದರೂ ಪ್ರಯಾಣ ಮಾಡುತ್ತೆ, ಪದ ಬರೆದವನು ಗಡಿಯಲ್ಲೇ ಇಳಿದುಬಿಡ್ತಾನೆ.

ಇದೇ ಹಾಡಿನ ಬಗ್ಗೆ ಆ್ಯಪ್ ಪರವಾಗಿ ಒಂದು ಮಾತು. ಮನೆಯ ಟ್ರಾನ್ಸಿಸ್ಟರ್‌ನ ಅಂಗೈಯಗಲದ ಸ್ಪೀಕರಿನಲ್ಲಿ ಅದನ್ನು ವರ್ಷಗಟ್ಟಲೆ ಕೇಳಿದ್ದೆ. ಒಳ್ಳೆ ಇಯರ್‌ಫೋನ್ ಹಾಕಿಕೊಂಡ ದಿನ ಕೆಳಗಡೆ ಒಂದು ಬೇಸ್ ಗಿಟಾರ್ ತನ್ನದೇ ದಾರಿಯಲ್ಲಿ ಇನ್ನೊಂದು ಹಾಡು ಹಾಡ್ತಿದೆ ಅಂತ ಗೊತ್ತಾಯ್ತು. ಸಣ್ಣ ಸ್ಪೀಕರು ಗಂಟಲನ್ನೂ ಪದವನ್ನೂ ಮಾತ್ರ ಕೊಡುತ್ತೆ. ರಾಜನ್-ನಾಗೇಂದ್ರ ಅವರ ಟ್ಯೂನ್‌ಗಳು ಅದರಲ್ಲೂ ಏನೂ ಕಳೆದುಕೊಳ್ಳೋಲ್ಲ, ಇಳಯರಾಜಾ ಅರ್ಧ ಕಳೆದುಹೋಗ್ತಾರೆ. ನಮ್ಮ ಹಿಂದಿನ ತಲೆಮಾರಿನವರು ರಾಜನ್-ನಾಗೇಂದ್ರ ಅವರನ್ನು ಅಷ್ಟು ಹಚ್ಚಿಕೊಂಡಿದ್ದರಲ್ಲಿ ಸ್ಪೀಕರಿನ ಅಳತೆಯ ಪಾಲೂ ಇದೆ ಅಂತ ನನ್ನ ಗುಮಾನಿ.

ರೇಡಿಯೋ ಕೇಳೋ ಕಷ್ಟವೂ ಹೆಚ್ಚಾಗಿದೆ. ಫೋನಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ. ವೈರು ಹೋಗಿ ಬ್ಲೂಟೂತ್ ಬಂತು, ಫೋನಿನಿಂದ ಎಫ್‌ಎಂ ಕೂಡ ಹೋಗ್ತಾ ಇದೆ. ನಾನು ಹಳೇ ಸೆಟ್ಟೊಂದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೀನಿ. ಹೊಸಹಳ್ಳಿಯಲ್ಲಿ ರೈಲು ಹತ್ತಿದರೆ ಪಲ್ಲವಿ ಸಿಗುತ್ತೆ, ಮಾಗಡಿ ರೋಡ್ ಸ್ಟೇಷನ್ನಿಗೆ ಒಂದು ಚರಣ, ಅಲ್ಲಿಂದ ಮುಂದೆ ರೈಲು ಸುರಂಗಕ್ಕೆ ಇಳೀತಿದ್ದಂಗೆ ಬರೀ ಗರಗರ. ‘ಆಕಾಶವಾಣಿ ಆ್ಯಪ್‌ನಲ್ಲೂ ಬರುತ್ತಲ್ಲ ಗುರೂ’ ಅಂತೀರಿ. ಬರುತ್ತೆ, ನಿಜ. ಆದರೆ ಅರ್ಧಕ್ಕೆ ಕಡಿದುಹೋದ ಹಾಡನ್ನು ಆ್ಯಪ್‌ನಲ್ಲಿ ಹುಡುಕೋಕೆ ಹೋದಾಗಲೇ ನನಗೆ ಈ ಸಮಸ್ಯೆಯ ಆಳ ಗೊತ್ತಾಗಿದ್ದು. ಸಾಹಿತ್ಯ ಯಾರದ್ದು ಅಂತ ನೋಡಬೇಕಾದರೆ ಮೂರು ಚುಕ್ಕಿ ಒತ್ತಿ ಒಳಗೆ ಹೋಗಬೇಕು, ಹೋದರೂ ಎಷ್ಟೋ ಹಳೇ ಕನ್ನಡ ಹಾಡುಗಳಿಗೆ ಆ ಖಾನೆ ಖಾಲಿ. ‘ಒಂದು ಕ್ಲಿಕ್ ದೂರದಲ್ಲಿದೆ’ ಅನ್ನೋರು ಆ ಕ್ಲಿಕ್ ಮಾಡಿ ನೋಡಿದವರಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ರಾಯಧನದಲ್ಲಿ ಸಮಪಾಲು ಇದೆ, ಅದನ್ನು ಅವರು ನಿರ್ಮಾಪಕನಿಗೆ ಬರೆದುಕೊಡೋ ಹಾಗೂ ಇಲ್ಲ, ಅವರ ನಂತರ ಅದು ವಾರಸುದಾರರಿಗೆ. ಉದಯಶಂಕರ್ ತೀರಿಕೊಂಡಿದ್ದು 1993ರಲ್ಲಿ, ಆರ್.ಎನ್. ಜಯಗೋಪಾಲ್ 2008ರಲ್ಲಿ. ಹಾಡುಗಳು ಇನ್ನೂ ದುಡೀತಾ ಇವೆ. ಹೆಸರಿನ ಖಾನೆ ಖಾಲಿ ಇದ್ದರೆ ದುಡ್ಡು ಯಾವ ಮನೆಯ ಬಾಗಿಲು ತಟ್ಟಬೇಕು?

ಹಾಗಂತ ವಿವಿಧ ಭಾರತಿಯನ್ನು ತಲೆ ಮೇಲೆ ಹೊತ್ತು ಕುಣಿಯೋಕೆ ನಾನು ತಯಾರಿಲ್ಲ. ವಾರ್ತೆಯ ಟೈಮಾಯ್ತು ಅಂತ ಕೊನೆಯ ಚರಣವನ್ನು ಕುತ್ತಿಗೆ ಹಿಡಿದು ನಿಲ್ಲಿಸ್ತಾರೆ. ಅವೇ ನೂರಿನ್ನೂರು ಹಾಡು ಮತ್ತೆ ಮತ್ತೆ ತಿರುಗುತ್ತವೆ. ನಾಲ್ಕು ಹೆಸರಿನ ಆ ಪಟ್ಟಿಯೂ ಗಾಯಕರ ಹತ್ತಿರ ಬಂದು ನಿಂತುಬಿಡುತ್ತೆ. ಪಿಟೀಲಿನವರು, ಕೊಳಲಿನವರು, ತಬಲಾದವರು, ರೆಕಾರ್ಡಿಂಗ್ ಮಾಡಿದವರು ಯಾರೂ ಅದರಲ್ಲಿಲ್ಲ. ‘ಐಡಿಯಾ ಟ್ಯೂನ್’ ಆಗಿ ದೇಶ ಸುತ್ತಿತಲ್ಲ, ಆ ಥೀಮ್‌ನ ಗಿಟಾರ್ ನುಡಿಸಿದ ಬೆರಳು ಯಾರದ್ದು ಅಂತ 102.9 ಕೂಡ ಒಂದು ದಿನವೂ ಹೇಳಿಲ್ಲ.