“300 ವರ್ಷಕ್ಕೆ 1 ಸೆಕೆಂಡು”: ಒಂದು ಉಕ್ತಿಯ ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯವರು 2004ನೆಯ ಇಸವಿಯಲ್ಲಿ ಬೌಲ್ಡರ್ ನಗರದ ತಮ್ಮ ಪ್ರಯೋಗಶಾಲೆಯಲ್ಲಿ, ಪರಮಾಣು ಗಡಿಯಾರದ ಹೃದಯಭಾಗವನ್ನು ಅಕ್ಕಿಯ ಕಾಳಿನಷ್ಟು ಕಿರಿದಾಗಿ ರಚಿಸಿ ತೋರಿಸಿದರು. ಅದು 300 ವರ್ಷಗಳಲ್ಲಿ 1 ಸೆಕೆಂಡಿನಷ್ಟು ಮಾತ್ರ ತಪ್ಪಬಹುದೆಂದು ಆಗ ಪ್ರಸಿದ್ಧಿಗೆ ಬಂದ ಮಾತು. ಮಾತು ಮನೋಹರವಾಗಿದೆ, ಯಥಾರ್ಥವಾಗಿದೆಯೆ ಎಂಬುದು ವಿಚಾರಾರ್ಹವಾದುದು.

ಇದರ ಲೆಕ್ಕದಲ್ಲಿ ದೋಷವಿಲ್ಲ. 300 ವರ್ಷಗಳಲ್ಲಿ ಸುಮಾರು 946 ಕೋಟಿ ಸೆಕೆಂಡುಗಳಿವೆ. ಯಂತ್ರದಲ್ಲಿ ಕಂಡ ಚಾಂಚಲ್ಯವು ಸಾವಿರ ಕೋಟಿಯಲ್ಲಿ 1 ಭಾಗದಷ್ಟು. ಆದರೆ ಅಲ್ಪಕಾಲದ ಅಳತೆಯನ್ನು ಶತಮಾನಗಳಿಂದ ಗುಣಿಸುವಾಗ, ಯಂತ್ರವು ಅಷ್ಟು ಕಾಲವೂ ಇದ್ದಂತೆಯೇ ಇರುವುದೆಂಬ ಭಾವನೆಯು ಸದ್ದಿಲ್ಲದೆ ಒಳಸೇರುತ್ತದೆ. ದೋಷವಿರುವುದು ಇಲ್ಲಿಯೇ.

ಸಿಲಿಕಾನಿನ ಬಿಲ್ಲೆಯಲ್ಲಿ ರಂಧ್ರವನ್ನು ಕೊರೆದು, ಎರಡು ಕಡೆಯೂ ಗಾಜಿನಿಂದ ಮುಚ್ಚಿದ ಆವಿಕೋಶವೇ ಈ ಗಡಿಯಾರದ ಜೀವಾಳ. ಅದರೊಳಗೆ ಸೀಸಿಯಂ ಲೋಹದ ಆವಿಯಿರುತ್ತದೆ. ಎಣಿಕೆಗೆ ಸಿಗುವ ಮಿಡಿತವು ಕ್ವಾರ್ಟ್ಸ್ ಹರಳಿನದು. ಲೇಸರ್ ಬೆಳಕಿನ ಮೂಲಕ ಪರಮಾಣುಗಳನ್ನು ವಿಚಾರಿಸಿ, ಆ ಮಿಡಿತವು ಓರೆಯಾದಾಗಲೆಲ್ಲ ತಿದ್ದಲಾಗುತ್ತದೆ. ಪರಮಾಣುಗಳು ಕೋಶದ ಗೋಡೆಗೆ ಬೇಗನೆ ತಾಗಿ ತಮ್ಮ ಲಯವನ್ನು ಕಳೆದುಕೊಳ್ಳದಂತೆ ನೈಟ್ರೊಜನ್, ಆರ್ಗಾನ್ ಮೊದಲಾದ ಅನಿಲಗಳನ್ನು ಜೊತೆಗೆ ತುಂಬುವರು. ಕಾಯುವ ಈ ಅನಿಲವೇ ಪರಮಾಣುವಿನ ಆವೃತ್ತಿಯನ್ನು ತುಸು ಕದಲಿಸುತ್ತದೆ. ಅನಿಲದ ಒತ್ತಡ, ಕೋಶದ ಉಷ್ಣತೆ, ಬೆಳಕಿನ ತೀವ್ರತೆ ಇವು ಬದಲಾದರೆ ಆವೃತ್ತಿಯೂ ಬದಲಾಗುತ್ತದೆ.

1967ರಲ್ಲಿ ಸೆಕೆಂಡಿಗೆ ಕೊಟ್ಟ ಲಕ್ಷಣವಾದ ಸೀಸಿಯಮಿನ 9,192,631,770 ಆಂದೋಲನಗಳು ಅನ್ಯಪ್ರಭಾವಕ್ಕೆ ಒಳಗಾಗದ ಪರಮಾಣುವಿಗೆ ಸಂಬಂಧಿಸಿದವು. ಕೋಶದೊಳಗಿನ ಪರಮಾಣುವಾದರೋ ಪಾತ್ರೆಯ ಗುಣವನ್ನು ಪಡೆದಿರುವುದು. ನಮ್ಮ ಹಿಂದಿನ ಗಳಿಗೆಬಟ್ಟಲು ಇಲ್ಲಿ ನೆನಪಿಗೆ ಬರುತ್ತದೆ. ಅದು ಹಗಲಿರುಳು ಸೇರಿ 60 ಸಲ ಮುಳುಗಬೇಕೆಂಬುದು ನಿಯಮ. ಮುಳುಗುವುದೋ ಇಲ್ಲವೋ ಎಂಬುದನ್ನು ಸೂರ್ಯನಿಗೆ ಹೋಲಿಸಿ ನಿಶ್ಚಯಿಸಬೇಕಾಗಿತ್ತೇ ಹೊರತು, ಬಟ್ಟಲಿನ ಮಾತೇ ಪ್ರಮಾಣವಾಗಿರಲಿಲ್ಲ. ಅಂತೆಯೇ ಆವಿಕೋಶದ ಗಡಿಯಾರವನ್ನೂ ತನಗಿಂತ ಮೇಲಾದ ಪ್ರಮಾಣಕ್ಕೆ ಹೋಲಿಸಿ ತಿದ್ದಬೇಕು.

ಆದುದರಿಂದ ಎರಡು ಗುಣಗಳನ್ನು ನಾವು ಬೇರ್ಪಡಿಸಬೇಕು: ಒಂದೇ ನಡೆಯಲ್ಲಿ ನಿಲ್ಲುವುದು ಸ್ಥೈರ್ಯ, ನಿಜವಾದ ಮಾನಕ್ಕೆ ಹೊಂದುವುದು ಯಾಥಾರ್ಥ್ಯ. ಕನ್ನಡದಲ್ಲಿ ಎರಡಕ್ಕೂ “ನಿಖರತೆ” ಎಂಬ ಒಂದೇ ಪದವನ್ನು ಬಳಸುವುದು ಸಾಧುವಲ್ಲ. ಇದು ಬರಿಯ ಪದವಿಚಾರವೂ ಅಲ್ಲ. ಉಪಗ್ರಹಗಳ ಸಂಕೇತವು ತಲಪದ ಸಮುದ್ರತಳದ ಭೂಕಂಪಮಾಪಕಗಳಲ್ಲಿ ಇಂತಹ ಗಡಿಯಾರಗಳನ್ನಿರಿಸುವರು. ಮುಳುಗಿಸುವ ಮುನ್ನವೂ ಮೇಲೆತ್ತಿದ ಬಳಿಕವೂ ಅವನ್ನು ಹೋಲಿಸಿ, ನಡುವಣ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯುವರು. 300 ವರ್ಷದ ಮಾತನ್ನು ಅಕ್ಷರಶಃ ನಂಬಿದವನಿಗೆ ಈ ಹೋಲಿಕೆಯು ವ್ಯರ್ಥಶ್ರಮವಾಗಿ ತೋರೀತು. ಅವನು ಭೂಕಂಪದ ನೆಲೆಯನ್ನೇ ತಪ್ಪಾಗಿ ಗುರುತಿಸಿಯಾನು.

ಚಿಕ್ಕ ಗಡಿಯಾರದ ಹಿರಿಮೆಗೆ ಇದರಿಂದ ಕುಂದಿಲ್ಲ. ಅಲ್ಪವಿದ್ಯುತ್ತಿನಿಂದ, ಅಂಗೈಯೊಳಗಡಗುವ ಗಾತ್ರದಲ್ಲಿ, ಇಷ್ಟು ಸ್ಥಿರವಾದ ನಡೆಯನ್ನು ಪಡೆದುದೇ ಸಾಕಷ್ಟು ಹಿರಿದು. ಪಾಠ ಹೇಳುವವರು ಅದನ್ನೇ ಹೇಳಲಿ. ಶತಮಾನಗಳ ಭರವಸೆಯನ್ನು ಬಿಡಲಿ.